ನೀಲಿ ಜಾರುಬಂಡಿಯ ಉದ್ಘಾಟನೆ

ಉಡುಪಿ ಜಿಲ್ಲೆಯಲ್ಲಿ ಉದ್ಘಾಟನೆಯಾಗದೆ ಯಾವುದೂ ಆರಂಭವಾಗುವುದಿಲ್ಲ, ವಂದನಾರ್ಪಣೆಯಾಗದೆ ಯಾವುದೂ ಮುಗಿಯುವುದಿಲ್ಲ. ಇದು ಎಲ್ಲಿಯೂ ಬರೆದಿಟ್ಟ ಕಾನೂನಲ್ಲ. ಹಾಗಾಗಿಯೇ ಯಾರೂ ಇದನ್ನು ಮುರಿಯುವುದಿಲ್ಲ. ಕಾರ್ಯಕ್ರಮದ ನಡುವೆ ಎದ್ದು ಹೋಗುವವರು ಇಲ್ಲವೆಂದಲ್ಲ. ಆದರೆ ಅವರು ಊಟದ ಚಪ್ಪರದಲ್ಲಿ ಸಿಗುತ್ತಾರೆ, ಆದ್ದರಿಂದ ಅವರನ್ನು ಎದ್ದು ಹೋದವರೆಂದು ಪರಿಗಣಿಸುವ ಕ್ರಮವಿಲ್ಲ.

ಹಿರಿಯಡ್ಕದ ಸ್ನೇಹಸಂಗಮ (ರಿ.) ಎಂಬ ಸಂಸ್ಥೆಯಲ್ಲಿ ವಂದನಾರ್ಪಣೆ ಕುಶಲಕ್ಕನ ಪಾಲಿಗೆ ಬಂದದ್ದು. ಅವರ ಗಂಡ ದೇವದಾಸ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಸಂಸ್ಥೆಯ ಸ್ಥಾಪಕಾಧ್ಯಕ್ಷರು, ಮತ್ತು ಬೇರೆ ಯಾರೂ ಸಿಕ್ಕದ ಕಾರಣ ಹಾಲಿ ಅಧ್ಯಕ್ಷರು. ಸಂಸ್ಥೆ ಹುಟ್ಟಿದ ದಿನ ಅವರ ಮನೆಯ ಜಗಲಿಯಲ್ಲಿ ಎಲ್ಲ ಹುದ್ದೆಗಳನ್ನೂ ಹಂಚಿಯಾದ ಮೇಲೆ "ಕೊನೆಗೆ ಎರಡು ಮಾತು ಹೇಳ್ಲಿಕ್ಕೆ ಯಾರಾದರೂ ಬೇಕಲ್ಲ" ಎಂದು ಒಬ್ಬರು ನೆನಪಿಸಿದರು. ಆ ಹೊತ್ತಿಗೆ ಸರಿಯಾಗಿ ಕುಶಲಕ್ಕ ಚಾ ತಟ್ಟೆ ಹಿಡಿದು ಹೊರಗೆ ಬಂದರು. ಅಂದಿನಿಂದ ರಕ್ತದಾನ ಶಿಬಿರವಿರಲಿ, ಕೆಸರುಗದ್ದೆ ಓಟವಿರಲಿ, ಉಚಿತ ಕಣ್ಣಿನ ತಪಾಸಣೆಯಿರಲಿ, ಕೊನೆಯ ಮೈಕು ಅವರದು.

ವಂದನಾರ್ಪಣೆ ಮಾಡುವವರ ಅವಸ್ಥೆ ಹೊರಗಿನವರಿಗೆ ತಿಳಿಯುವುದಿಲ್ಲ. ಅವರು ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗಬೇಕು, ನಡುವೆ ಕುರ್ಚಿ ಬಿಡುವಂತಿಲ್ಲ. ಕುರ್ಚಿ ಬಿಟ್ಟ ಹೊತ್ತಿನಲ್ಲೇ ಯಾರೋ ಐಸ್‌ಕ್ರೀಮ್ ಪ್ರಾಯೋಜಿಸಿಬಿಟ್ಟಿರುತ್ತಾರೆ, ಅವರ ಹೆಸರು ತಪ್ಪಿದರೆ ಮೂರು ತಲೆಮಾರಿನ ಮಾತು ಬಿಟ್ಟುಹೋಗುತ್ತದೆ. ಎಲ್ಲರಿಗೂ ಧನ್ಯವಾದ ಹೇಳುವ ಈ ಕೆಲಸದಲ್ಲಿ ತನಗೆ ಯಾರೂ ಧನ್ಯವಾದ ಹೇಳುವ ವ್ಯವಸ್ಥೆಯಿಲ್ಲ ಎಂಬುದನ್ನು ಕುಶಲಕ್ಕ ಗಮನಿಸಿದ್ದರು. ಗಮನಿಸಿ, ಸುಮ್ಮನಿದ್ದರು.

ಅವರಿಗೆ ಬೇಕಾಗಿದ್ದದ್ದು ಬೇರೆಯೇ ಒಂದು. ತವರಾದ ಕಾಪುವಿಗೆ ಹೋಗುವ ಬಸ್ಸಿನ ಕಿಟಕಿಯಿಂದ, ತೆಂಗಿನ ತಲೆಗಳ ಮೇಲೆ, ಒಂದು ನೀಲಿ ಜಾರುಬಂಡಿ ಕಾಣುತ್ತಿತ್ತು. ಅದು ಹೊಸದಾಗಿ ಬಂದ ನೀಲತರಂಗ ಫನ್ ಪಾರ್ಕಿನದು. ಮೇಲಿನಿಂದ ಮೂರು ಸುತ್ತು ತಿರುಗಿ ನೀರಿಗೆ ಬೀಳುತ್ತದಂತೆ. ಕುಶಲಕ್ಕನಿಗೆ ಅದರಲ್ಲೊಮ್ಮೆ ಜಾರಬೇಕಿತ್ತು. ಈ ಪ್ರಾಯದಲ್ಲಿ ಎಂತ ಜಾರುವುದು ಎಂದು ಕೇಳುವವರಿಗೆ ಉತ್ತರ ಅವರ ಬಳಿ ಇತ್ತು: ಆ ಪ್ರಾಯದಲ್ಲಿ ಬಿಡಲಿಲ್ಲ.

ಅವರು ಕಾಪುವಿನಲ್ಲಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾಗ ಮುಂಬಯಿಯಲ್ಲಿ ಹೋಟೆಲು ನಡೆಸುವ ಊರಿನವರೊಬ್ಬರು ಶಾಲೆಯ ಅಂಗಳದಲ್ಲಿ ಸಿಮೆಂಟಿನ ಜಾರುಬಂಡಿ ಕಟ್ಟಿಸಿಕೊಟ್ಟಿದ್ದರು. ಉದ್ಘಾಟನೆಗೆ ಅವರೇ ಬರಬೇಕು, ಅವರಿಗೆ ಪುರುಸೊತ್ತಿಲ್ಲ. ಅಲ್ಲಿಯವರೆಗೆ ಹೆಡ್ಮಾಸ್ತರರು ಜಾರುಬಂಡಿಗೆ ತೆಂಗಿನ ಹಗ್ಗ ಸುತ್ತಿ ಕಟ್ಟಿಸಿದ್ದರು. ಮಕ್ಕಳು ಬಿಡುವಿನ ಹೊತ್ತಿನಲ್ಲಿ ಅದರ ಸುತ್ತ ನಿಂತು ನೋಡುತ್ತಿದ್ದರು. ಕುಶಲಾ ಏಳನೇ ತರಗತಿ ಪಾಸಾಗಿ ಹೈಸ್ಕೂಲಿಗೆ ಹೋದ ಮೇಲೆ ದಾನಿಗಳು ಬಂದರು, ಹಗ್ಗ ಕತ್ತರಿಸಿದರು. ಹೈಸ್ಕೂಲಿನವರು ಜಾರುವಂತಿರಲಿಲ್ಲ. ಹಳೆ ವಿದ್ಯಾರ್ಥಿನಿಯೆಂದು ಕರೆಸಿ ಅವಳಿಂದ ವಂದನಾರ್ಪಣೆ ಮಾಡಿಸಿದರು.

ಹೀಗಾಗಿ ಡಿಸೆಂಬರಿನ ಒಂದು ಸಂಜೆ, ಚಾ ಕುಡಿಯುವಾಗ, ಕುಶಲಕ್ಕ ಗಂಡನೊಡನೆ ಸಲೀಸಾಗಿ ಹೇಳಿದರು:

"ಕ್ರಿಸ್ಮಸ್ ರಜೆಯಲ್ಲಿ ಒಮ್ಮೆ ಆ ನೀಲತರಂಗಕ್ಕೆ ಹೋಗಿ ಬರುವನಾ? ನಾವಿಬ್ಬರೇ."

ದೇವದಾಸರಿಗೆ ಕೊನೆಯ ಮಾತು ಸರಿಬರಲಿಲ್ಲ. "ಇಬ್ಬರೇ ಹೋದರೆ ಜನ ಎಂತ ಹೇಳ್ತಾರೆ ಕುಶಲಾ? ಸಂಸ್ಥೆ ಅಂತ ಒಂದು ಉಂಟಲ್ಲ?" ಎಂದರು.

ಮರುದಿನ ಸಂಜೆಯೇ ತುರ್ತು ಸಭೆ. ಕಾರ್ಯದರ್ಶಿ ದೇಜಪ್ಪ, ಅಂದರೆ ದೇವದಾಸರ ಅಂಗಡಿಯ ಎದುರು ಜೆರಾಕ್ಸ್ ಇಟ್ಟವರು, ನಡಾವಳಿ ಬರೆದರು. ಪ್ರವಾಸ ಸಮಿತಿ, ಆಹಾರ ಸಮಿತಿ, ವೇದಿಕೆ ಸಮಿತಿ, ಫ್ಲೆಕ್ಸ್ ಸಮಿತಿಗಳು ರಚನೆಯಾದವು. ಕುಶಲಕ್ಕ ಬಾಗಿಲ ಬಳಿ ನಿಂತು, "ನೀರಿಗೆ ಇಳಿಯುದು ಯಾವ ಹೊತ್ತಿಗೆ?" ಎಂದು ಕೇಳಿದರು.

"ಅದು ಸಮಯ ಉಳಿದರೆ ಕುಶಲಕ್ಕ," ಎಂದರು ದೇಜಪ್ಪ. "ಮೊದಲು ಮುಖ್ಯ ಅತಿಥಿ ಸಿಕ್ಕಬೇಕಲ್ವಾ?"

ಡಿಸೆಂಬರ್ ಕೊನೆಯ ವಾರ ನಮ್ಮಲ್ಲಿ ಪ್ರವಾಸಿಗಳ ರಶ್ ಎಂದು ಹೊರಗಿನವರು ತಿಳಿದಿದ್ದಾರೆ. ಅದು ಅಷ್ಟು ಸರಿಯಲ್ಲ. ರಶ್ ಇರುವುದು ಮುಖ್ಯ ಅತಿಥಿಗಳಿಗೆ. ಗಲ್ಫಿನಲ್ಲಿರುವ ಉದ್ಯಮಿಗಳು ಊರಿಗೆ ಬರುವುದು ಆಗಲೇ. ಅವರು ವಿಮಾನದಿಂದ ಇಳಿಯುವ ಮೊದಲೇ ಮೂರು ತಾಲೂಕಿನ ಸಂಸ್ಥೆಗಳು ಅವರನ್ನು ಹಂಚಿಕೊಂಡಿರುತ್ತವೆ. ಸ್ನೇಹಸಂಗಮಕ್ಕೆ ಕೊನೆಗೆ ಕಲ್ಯಾಣಪುರದ ಪೀಟರ್ ಸಿಕ್ಕಿದರು. ಕುವೈಟಿನಲ್ಲಿ ಎಸಿ ರಿಪೇರಿಯ ದೊಡ್ಡ ವ್ಯವಹಾರ, ಕೊಡುಗೈ ದಾನಿ, ಮಾತಿನಲ್ಲಿ ಸಜ್ಜನ. ಅವರಿಗೆ ಖಾಲಿ ಇದ್ದದ್ದು ಕ್ರಿಸ್ಮಸ್ ಕಳೆದ ಭಾನುವಾರ ಮಾತ್ರ. ವರ್ಷದಲ್ಲೇ ಅತಿ ಹೆಚ್ಚು ಜನ ಪಾರ್ಕಿಗೆ ಬರುವ ದಿನ ಅದು ಎಂದು ಯಾರೋ ಹೇಳಿದರು. ಒಳ್ಳೆಯದೇ ಆಯಿತು, ಸಭೆಯಲ್ಲಿ ಜನ ಕಾಣುತ್ತದೆ ಎಂದು ದೇವದಾಸರು ಅದನ್ನೇ ನಿಶ್ಚಯಿಸಿದರು.

ನಂತರ ಅವರು ಫೋನಿನ ಸ್ಪೀಕರ್ ಹಾಕಿ ಪಾರ್ಕಿಗೆ ಕರೆ ಮಾಡಿದರು. ಅತಿಥಿ ಸತ್ಕಾರ ಮತ್ತು ವೇದಿಕೆ ವಿಭಾಗದ ಮ್ಯಾನೇಜರ್ ಹರ್ಷಿಣಿ ಎಂಬವರು ಎತ್ತಿಕೊಂಡರು.

"ಸರ್, ನಿಮಗೆ ನೀರಾ, ವೇದಿಕೆಯಾ?"

"ವೇದಿಕೆ."

"ವೇದಿಕೆ ಆ ದಿನ ಬಹಳ ಕಷ್ಟ ಸರ್. ನೀರು ಬೇಕಾದಷ್ಟು ಉಂಟು."

ದೇವದಾಸರ ಮುಖ ಬಾಡಿತು. ಅಡುಗೆಮನೆಯಲ್ಲಿ ತೊಂಡೆಕಾಯಿ ಹೆಚ್ಚುತ್ತಿದ್ದ ಕುಶಲಕ್ಕನಿಗೆ ಮಾತ್ರ ಜೀವಕ್ಕೆ ಹಾಯೆನಿಸಿತು. ಬಹಳ ವಿನಂತಿ ಮಾಡಿದ ಮೇಲೆ ಮೂರನೇ ವೇದಿಕೆ ಸಿಕ್ಕಿತು. ಅದರೊಡನೆ ಪಾರ್ಕಿನ ಸೂಚನೆಯೂ ವಾಟ್ಸಾಪಿನಲ್ಲಿ ಬಂತು. ದೇಜಪ್ಪ ಅದನ್ನು ಸಭೆಯಲ್ಲಿ ಎದ್ದು ನಿಂತು ಓದಿದರು:

"ಮಾನ್ಯರೇ, ರಜಾಕಾಲದ ದಟ್ಟಣೆಯ ಹಿನ್ನೆಲೆಯಲ್ಲಿ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸನ್ಮಾನದ ಶಾಲುಗಳನ್ನು ಉದ್ಯಾನದಿಂದಲೇ ಬಾಡಿಗೆಗೆ ಪಡೆಯತಕ್ಕದ್ದು. ಸನ್ಮಾನಿತರು ವೇದಿಕೆಯಿಂದ ಇಳಿದೊಡನೆ ಶಾಲನ್ನು ಕೌಂಟರಿಗೆ ಮರಳಿಸತಕ್ಕದ್ದು. ಭಾವುಕರಾಗಿ ಶಾಲಿನಲ್ಲಿ ಕಣ್ಣೊರೆಸಿಕೊಂಡಲ್ಲಿ ತೊಳೆಯುವ ಶುಲ್ಕ ಪ್ರತ್ಯೇಕ. ಹಣ್ಣಿನ ಬುಟ್ಟಿಯಲ್ಲಿರುವ ಸೇಬುಗಳು ಪ್ರದರ್ಶನಕ್ಕೆ ಮಾತ್ರ. ಭಾಷಣಕಾರರು 'ಕೊನೆಯದಾಗಿ ಒಂದು ಮಾತು' ಎಂದ ನಂತರದ ಸಮಯಕ್ಕೆ ದುಪ್ಪಟ್ಟು ದರ ಅನ್ವಯಿಸುತ್ತದೆ. ವಂದನಾರ್ಪಣೆ ಆಗದ ಹೊರತು ವೇದಿಕೆ ತೆರವಾಯಿತೆಂದು ಪರಿಗಣಿಸಲಾಗುವುದಿಲ್ಲ."

"ಶಿಸ್ತು ಉಂಟು ಮಾರಾಯ್ರೆ," ಎಂದರು ದೇಜಪ್ಪ. ಎಲ್ಲರೂ ತಲೆದೂಗಿದರು.

ಆಮಂತ್ರಣ ಪತ್ರಿಕೆ ಅಚ್ಚಾಯಿತು. ದೀಪ ಪ್ರಜ್ವಲನ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ನುಡಿ, ಸನ್ಮಾನ, ಸನ್ಮಾನಿತರ ನುಡಿ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಸಮಯಾವಕಾಶವಿದ್ದಲ್ಲಿ ಜಲಕ್ರೀಡೆ". ಮಣಿಪಾಲದ ಅಂಗಡಿಯಲ್ಲಿ ಮಾಡಿಸಿದ ಫ್ಲೆಕ್ಸ್ ಹಿರಿಯಡ್ಕ ಪೇಟೆಯಲ್ಲಿ ಎದ್ದು ನಿಂತಿತು. ಅದರಲ್ಲಿ ಎಲ್ಲ ಪದಾಧಿಕಾರಿಗಳ ಮುಖಗಳಿದ್ದುವು. ಪಾರ್ಕಿನ ಚಿತ್ರ ಹಾಕಲು ಜಾಗ ಸಾಲಲಿಲ್ಲ. ಕುಶಲಕ್ಕನ ಮುಖ ಫ್ಲೆಕ್ಸ್ ಅಂಗಡಿಯ ಫೋನ್ ನಂಬರಿನ ಪಕ್ಕದಲ್ಲಿತ್ತು. ಹಲವರು ಅದನ್ನು ಅಂಗಡಿಯ ಜಾಹೀರಾತೆಂದೇ ತಿಳಿದರು.

ಕುಶಲಕ್ಕ ಬೇಸರಿಸಲಿಲ್ಲ. ಅವರು ತಮ್ಮಷ್ಟಕ್ಕೆ ಬ್ಯಾಗಿನಲ್ಲಿ ಮಗಳ ಹಳೆಯ ಟ್ರ್ಯಾಕ್ ಪ್ಯಾಂಟ್, ಒಂದು ಟೀಶರ್ಟ್, ಮೈ ಒರೆಸಲು ಒಂದು ನೀಲಿ ಬೈರಾಸು ಇಟ್ಟುಕೊಂಡರು. ಬೆಳಗ್ಗೆ ಹತ್ತೂವರೆಗೆ ಶುರುವಾದರೆ ಒಂದೂವರೆಗೆ ಮುಗಿದೀತು, ಜಾರುಬಂಡಿ ಐದೂವರೆಯವರೆಗೆ ಇದೆ ಎಂಬುದು ಅವರ ಲೆಕ್ಕ. ಇಷ್ಟು ವರ್ಷ ವೇದಿಕೆಯ ಅಂಚಿನಲ್ಲಿ ಕುಳಿತವರು ಹೀಗೆ ಲೆಕ್ಕ ಹಾಕಬಾರದಿತ್ತು. ಆಸೆ ಇರುವಲ್ಲಿ ಬುದ್ಧಿ ನಿಲ್ಲುವುದಿಲ್ಲ.

ಭಾನುವಾರ ನೀಲತರಂಗದ ಪಾರ್ಕಿಂಗಿನಲ್ಲಿ ಸೂಜಿ ಇಡಲು ಜಾಗವಿರಲಿಲ್ಲ. ಬಸ್ಸುಗಳ ಸಾಲನ್ನು ಕುಶಲಕ್ಕ ಎಣಿಸತೊಡಗಿದರು. ಇಷ್ಟು ಜನ ಜಾರಲು ನಿಂತರೆ ತನ್ನ ಸರದಿ ಯಾವಾಗ? ಒಳಗೆ ಹೋಗಿ ನೋಡಿದರೆ ನಾಲ್ಕು ವೇದಿಕೆಗಳು, ನಾಲ್ಕು ಧ್ವನಿವರ್ಧಕಗಳು, ಕುರ್ಚಿಯಲ್ಲಿ ಜಾಗ ಸಿಕ್ಕದೆ ತೆಂಗಿನ ಬುಡದಲ್ಲಿ ನಿಂತ ಜನ. ಒಂದನೆಯದರಲ್ಲಿ ಕಾರ್ಕಳದ ಗೆಳೆಯರ ಕೂಟ (ರಿ.), ಎರಡನೆಯದರಲ್ಲಿ ಮಟ್ಟುವಿನ ಗುಳ್ಳ ಬದನೆ ಬೆಳೆಯುವವರ ಸಂಘ (ರಿ.), ನಾಲ್ಕನೆಯದರಲ್ಲಿ ಹೆಸರು ಕೇಳದ ಇನ್ನೊಂದು (ರಿ.). ಅವುಗಳ ಆಚೆ, ಬಿಸಿಲಿನಲ್ಲಿ, ನೀಲಿ ಜಾರುಬಂಡಿ ಒಬ್ಬಂಟಿಯಾಗಿ ನಿಂತಿತ್ತು.

ಪೀಟರ್ ಹತ್ತೂವರೆಗೆ ಬರಲಿಲ್ಲ. ಅವರು ಪಾರ್ಕಿನೊಳಗೇ ಇದ್ದರು, ಆದರೆ ನಾಲ್ಕೂ ವೇದಿಕೆಗಳಿಗೆ ಮುಖ್ಯ ಅತಿಥಿ ಅವರೇ. ಬ್ಯಾಟರಿ ಗಾಡಿಯಲ್ಲಿ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಓಡಾಡುತ್ತ, ಇಲ್ಲಿ ದೀಪ ಹಚ್ಚಿ, ಅಲ್ಲಿ ಸನ್ಮಾನ ಮಾಡಿ, ಮತ್ತೊಂದು ಕಡೆ ಶುಭ ಹಾರೈಸುತ್ತಿದ್ದರು. ಮೂರನೇ ವೇದಿಕೆಗೆ ಬಂದಾಗ ಒಂದು ಗಂಟೆ ದಾಟಿತ್ತು. ಬೆವರು ಒರೆಸಿಕೊಂಡು ಅವರು, ಗುಳ್ಳ ಬದನೆಯ ಕೀರ್ತಿಯನ್ನು ಲೋಕಕ್ಕೆ ಹರಡಿದ ಹಿರಿಯಡ್ಕದವರ ಶ್ರಮ ಶ್ಲಾಘನೀಯ ಎಂದರು. ಯಾರೂ ತಿದ್ದಲಿಲ್ಲ. ಹಿಂದಿನ ವಾರ ಎರಡು ಗುಳ್ಳ ಖರೀದಿಸಿದ್ದ ದೇಜಪ್ಪನವರ ಕಣ್ಣು ತೇವವಾಯಿತು, ಮತ್ತು ಶುಲ್ಕದ ನೆನಪಾಗಿ ಅವರು ಅದನ್ನು ಅಂಗಿಯ ತೋಳಿನಲ್ಲೇ ಒರೆಸಿಕೊಂಡರು.

ಊಟವಾಯಿತು, ಸನ್ಮಾನ ಶುರುವಾಯಿತು. ಒಬ್ಬರ ಹೆಗಲಿನಿಂದ ತೆಗೆದ ಶಾಲನ್ನೇ ಕೌಂಟರಿಗೆ ಕೊಟ್ಟು ಮತ್ತೆ ತಂದು ಇನ್ನೊಬ್ಬರಿಗೆ ಹೊದಿಸಬೇಕಾದ್ದರಿಂದ ತುಸು ಸಮಯ ಹಿಡಿಯಿತು. ನಾಲ್ಕು ಗಂಟೆಗೆ ದೇವದಾಸರು ಅಧ್ಯಕ್ಷೀಯ ನುಡಿಗೆ ಎದ್ದು ನಿಂತು, "ನಾನು ಹೆಚ್ಚು ಮಾತಾಡುವುದಿಲ್ಲ" ಎಂದರು. ಕುಶಲಕ್ಕನಿಗೆ ಗಂಡನ ಬಗ್ಗೆ ಎಲ್ಲವೂ ತಿಳಿದಿತ್ತು. ಈ ಮಾತಿನ ಅರ್ಥವೂ ತಿಳಿದಿತ್ತು. ಅವರು ಬ್ಯಾಗು ಎತ್ತಿಕೊಂಡು ವೇದಿಕೆಯಿಂದ ಮೆಲ್ಲನೆ ಇಳಿದರು.

ಬಟ್ಟೆ ಬದಲಿಸಿ ಜಾರುಬಂಡಿಯ ಗೋಪುರದ ಬುಡಕ್ಕೆ ಬಂದಾಗ ಅಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಫೌಸ್ಟಿನ್ ಎಂಬ ನಡುವಯಸ್ಸಿನ ನಿರ್ವಾಹಕರು ಕೊಡೆಯಡಿ ಕುಳಿತಿದ್ದರು.

"ಜಾರ್ಲಿಕ್ಕೆ ಬಂದದ್ದು," ಎಂದರು ಕುಶಲಕ್ಕ.

ಫೌಸ್ಟಿನ್ ಕುಶಲಕ್ಕನ ಬೆನ್ನ ಹಿಂದೆ ನೋಡಿದರು. "ಯಾರು?"

"ನಾನು."

"ಸಂಸ್ಥೆ?"

"ಸಂಸ್ಥೆ ಅಲ್ಲಿ ಉಂಟು. ನಾನು ಒಬ್ಬಳೇ."

"ಆಗುದಿಲ್ಲ ಅಕ್ಕ. ಸೀಸನಿನಲ್ಲಿ ದಿನಾ ಉದ್ಘಾಟನೆ ಆಗಿಯೇ ನೀರು ಬಿಡಬೇಕು ಅಂತ ಆರ್ಡರ್. ಯಾವುದಾದರೂ ಸಂಸ್ಥೆಯ ಗಣ್ಯರು ಬಂದು ಮಾಡಬೇಕು. ಅದರ ಮೇಲೆ ಸಾರ್ವಜನಿಕರಿಗೆ. ಈ ವಾರ ಎಲ್ಲರೂ ವೇದಿಕೆಯಲ್ಲಿ ಬ್ಯುಸಿ, ಯಾರೂ ಬರ್ಲಿಲ್ಲ."

"ಈ ವಾರ ಒಬ್ಬರೂ ಜಾರಲಿಲ್ವಾ?"

"ಒಂದು ಕಾಗೆ."

ಕುಶಲಕ್ಕ ಮೇಲೆ ನೋಡಿದರು. ನೀಲಿ ಜಾರುಬಂಡಿಗೆ ಯಾರೂ ಹಗ್ಗ ಕಟ್ಟಿರಲಿಲ್ಲ, ಆದರೂ ತೆಂಗಿನ ಹಗ್ಗ ಕಣ್ಣಿಗೆ ಕಂಡಂತಾಯಿತು. ಮರುಕ್ಷಣವೇ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಅವರಿಗೆ ಬಂದ ಮೊದಲ ದೊಡ್ಡ ಸಿಟ್ಟು ಅದು, ಹಾಗಾಗಿ ಬಹಳ ಶುಭ್ರವಾಗಿತ್ತು.

"ಗಣ್ಯರು ಅಂದರೆ ಯಾರು?" ಎಂದು ಕೇಳಿದರು.

ಫೌಸ್ಟಿನ್ ಪ್ರಾಮಾಣಿಕವಾಗಿ ಯೋಚಿಸಿದರು. "ಅದು ಬರೆದಿಲ್ಲ. ಶಾಲು ಹಾಕಿದವರು ಅಂತ ನಾವು ಲೆಕ್ಕಕ್ಕೆ ತೆಗೆದುಕೊಳ್ಳುದು."

ಕುಶಲಕ್ಕ ಬ್ಯಾಗಿನಿಂದ ಬೈರಾಸು ತೆಗೆದು, ಒಮ್ಮೆ ಕೊಡವಿ, ಎರಡೂ ಹೆಗಲಿಗೆ ಹೊದ್ದುಕೊಂಡರು. ಫೌಸ್ಟಿನ್ ಬೈರಾಸನ್ನು ನೋಡಿದರು, ಅವರ ಮುಖ ನೋಡಿದರು, ಎದ್ದು ನಿಂತು ಕೈಮುಗಿದರು. ನಂತರ ಹೋಗಿ ಮೋಟರಿನ ಸ್ವಿಚ್ಚು ಹಾಕಿದರು.

ಮೇಲೆ ಗಾಳಿ ಚೆನ್ನಾಗಿತ್ತು. ದೂರದಲ್ಲಿ ಕಾಪುವಿನ ದೀಪಸ್ತಂಭ ಕಾಣುತ್ತಿತ್ತು. ಕುಶಲಕ್ಕ ಕುಳಿತರು, ಕಂಬಿ ಬಿಟ್ಟರು. ಮೊದಲ ತಿರುವಿನಲ್ಲಿ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದಂತಾಯಿತು, ಎರಡನೆಯದರಲ್ಲಿ ತನ್ನದೆಂದು ಗುರುತು ಹಿಡಿಯಲಾಗದ ಒಂದು ಕೇಕೆ ಹೊರಟಿತು, ಮೂರನೆಯದು ತಿಳಿಯುವ ಮೊದಲೇ ನೀರಿನಲ್ಲಿದ್ದರು. ಎದ್ದು ನಿಂತು ಮೂಗಿನ ನೀರು ಒರೆಸಿಕೊಂಡು ನಕ್ಕರು. ಬಹಳ ಖುಷಿಯಾಗಿತ್ತು, ಅದನ್ನು ಬೇರೆ ರೀತಿ ಹೇಳಲು ಬರುವುದಿಲ್ಲ. ಮತ್ತೆ ಹತ್ತಿದರು. ಉದ್ಘಾಟನೆಯಾದ ಜಾರುಬಂಡಿ ಈಗ ಸಾರ್ವಜನಿಕರಿಗೆ ಮುಕ್ತವಾಗಿತ್ತು, ಸಾರ್ವಜನಿಕರು ಭಾಷಣ ಕೇಳುತ್ತಿದ್ದರು.

ಎಷ್ಟನೆಯ ಬಾರಿಯೋ ಮೇಲೆ ನಿಂತಿದ್ದಾಗ ಧ್ವನಿವರ್ಧಕ ಕೂಗಿತು: "ಇದೀಗ ವಂದನಾರ್ಪಣೆ, ಶ್ರೀಮತಿ ಕುಶಲಾ ದೇವದಾಸ್ ಇವರಿಂದ."

ವೇದಿಕೆಯಲ್ಲಿ ಕುರ್ಚಿ ಖಾಲಿ. ಮತ್ತೊಮ್ಮೆ ಕೂಗಲಾಯಿತು. ಆಮೇಲೆ ದೇವದಾಸರೇ ಮೈಕು ತೆಗೆದುಕೊಂಡು, "ಕುಶಲಾ, ಎಲ್ಲಿದ್ದಿ? ಧನ್ಯವಾದ ಬಾಕಿ ಉಂಟು" ಎಂದರು. ಸ್ನೇಹಸಂಗಮದ ಸದಸ್ಯರು ಏಳಲಾರದೆ ಕುಳಿತಲ್ಲೇ ಕುಳಿತರು. ಮುಂದಿನ ಸರದಿಯ ಸಂಸ್ಥೆಯವರು ಬಾಡಿಗೆ ಹಾರ ಹಿಡಿದು ವೇದಿಕೆಯ ಕೆಳಗೆ ನಿಂತರು. ಪೀಟರ್ ವಂದನೆ ಸ್ವೀಕರಿಸದೆ ಹೋಗುವಂತಿರಲಿಲ್ಲ. ಅವರು ಹೋಗದೆ ಒಂದನೆಯ ವೇದಿಕೆಯಲ್ಲಿ ಬಹುಮಾನ ವಿತರಣೆ ನಿಂತಿತು, ಎರಡನೆಯದರಲ್ಲಿ ಸನ್ಮಾನ ನಿಂತಿತು, ನಾಲ್ಕನೆಯದರಲ್ಲಿ ದೀಪ ಹಚ್ಚದೆ ಎಣ್ಣೆ ಕಾಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಇಡೀ ನೀಲತರಂಗ ಸ್ತಬ್ಧವಾಯಿತು. ಹರ್ಷಿಣಿ ವಾಚು ನೋಡಿಕೊಂಡು ಹೆಚ್ಚುವರಿ ದರದ ರಸೀದಿ ಪುಸ್ತಕ ತೆರೆದರು.

ಆ ನಿಶ್ಶಬ್ದದಲ್ಲಿ ಒಂದು ಕೇಕೆ ಕೇಳಿಸಿತು.

ದೇವದಾಸರು, ದೇಜಪ್ಪ, ಪೀಟರ್, ಅವರ ಹಿಂದೆ ನಾಲ್ಕು ಸಂಸ್ಥೆಗಳ ಸರ್ವ ಸದಸ್ಯರು ಜಾರುಬಂಡಿಯ ಬುಡಕ್ಕೆ ಬರುವಾಗ ಕುಶಲಕ್ಕ ಮತ್ತೆ ಮೇಲೆ ಹತ್ತಿಯಾಗಿತ್ತು.

"ಮಾರಾಯ್ತಿ, ಇಳಿದು ಬಾ. ಮೆಟ್ಟಿಲಲ್ಲಿ ಬಾ," ಎಂದರು ದೇವದಾಸರು.

"ಮೆಟ್ಟಿಲು ಹತ್ತಲಿಕ್ಕೆ ಮಾತ್ರ ಸರ್," ಎಂದರು ಫೌಸ್ಟಿನ್. "ಇಳಿಯುವಂತಿಲ್ಲ. ರೂಲ್ಸ್."

ಕುಶಲಕ್ಕ ಕೆಳಗೆ ನೋಡಿದರು. ಎಷ್ಟೊಂದು ಮುಖಗಳು, ಎಲ್ಲವೂ ತಮ್ಮ ತಮ್ಮ ಹೆಸರಿಗಾಗಿ ಕಾಯುತ್ತಿದ್ದವು. ಒಮ್ಮೆ ಪಾಪವೆನಿಸಿತು. "ಇವರೇ, ನಾನು ಇಲ್ಲಿಂದಲೇ ಹೇಳ್ತೇನೆ," ಎಂದು ಕೂಗಿ, ಬೈರಾಸು ಬಿಗಿದು, ಕುಳಿತು, ಕೈ ಬಿಟ್ಟರು.

"ಮುಖ್ಯ ಅತಿಥಿ ಶ್ರೀ ಪೀಟರ್ ಅವರಿಗೂ" ಎಂಬುದು ಮೊದಲ ತಿರುವಿನಲ್ಲಿ ಕೇಳಿತು. ಎರಡನೆಯದರಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಸನ್ಮಾನಿತರು, ಚಪ್ಪರದವರು, ಐಸ್‌ಕ್ರೀಮಿನವರು ಒಟ್ಟೊಟ್ಟಿಗೆ ಹೋದರು. "ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ" ಎಂಬುದು ಮೂರನೆಯದರಲ್ಲಿ. "ವಂದನೆಗಳು" ಎಂಬಲ್ಲಿಗೆ ನೀರು.

ಜಿಲ್ಲೆಯಲ್ಲಿ ಯಾರೂ ಇಷ್ಟು ಚುಟುಕಾದ ವಂದನಾರ್ಪಣೆಯನ್ನು ಕೇಳಿರಲಿಲ್ಲ, ಒಂದು ಹೆಸರೂ ಬಿಟ್ಟುಹೋಗಿರಲಿಲ್ಲ. ಪೀಟರ್ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಹರ್ಷಿಣಿ ರಸೀದಿ ಪುಸ್ತಕ ಮುಚ್ಚಿ ಬೇರೊಂದು ಪುಸ್ತಕ ತೆರೆದು ಏನೋ ಬರೆದುಕೊಂಡರು.

ಬೇಸಿಗೆ ರಜೆಗೆ ನೀಲತರಂಗದ ಪ್ರಕಟಣೆ ಹೊರಬಿತ್ತು. ಇನ್ನು ಮುಂದೆ ಎಲ್ಲ ಸಂಸ್ಥೆಗಳ ವಂದನಾರ್ಪಣೆಯನ್ನು ಜಾರುಬಂಡಿಯ ಮೂಲಕವೇ ನೆರವೇರಿಸತಕ್ಕದ್ದು; ವಂದಿಸುವವರು ನಾಲ್ಕು ಅಡಿಗಿಂತ ಎತ್ತರವಿರತಕ್ಕದ್ದು; ಹೆಸರು ಮರೆತಲ್ಲಿ ಮತ್ತೊಮ್ಮೆ ಹತ್ತತಕ್ಕದ್ದು, ಶುಲ್ಕ ಪ್ರತ್ಯೇಕ. ಸಂಸ್ಥೆಗಳು ಇದನ್ನು ಒಕ್ಕೊರಲಿನಿಂದ ಸ್ವಾಗತಿಸಿದವು.

ಸ್ನೇಹಸಂಗಮದ ಸಭೆಯಲ್ಲಿ ಮೊದಲ ಬಾರಿಗೆ ವಂದನಾರ್ಪಣೆಗೆ ಸ್ಪರ್ಧೆ ಏರ್ಪಟ್ಟಿತು. ದೇಜಪ್ಪ ತಮಗೆ ಕೊಡಿ ಎಂದರು. ದೇವದಾಸರು ಗಂಟಲು ಸರಿಮಾಡಿಕೊಂಡು, "ಈ ಸಲ ನಾನೇ ಮಾಡುವ ಅಂತ. ಕುಶಲಾ ಬಹಳ ವರ್ಷ ಮಾಡಿದ್ದಾಳೆ, ಅವಳನ್ನು ಗೌರವಾಧ್ಯಕ್ಷೆ ಮಾಡುವ" ಎಂದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಗೌರವಾಧ್ಯಕ್ಷರಾದವರು ವೇದಿಕೆ ಬಿಟ್ಟು ಏಳುವ ಕ್ರಮವಿಲ್ಲ.

ಮೇ ತಿಂಗಳ ಭಾನುವಾರ ಕುಶಲಕ್ಕ ವೇದಿಕೆಯ ನಟ್ಟನಡುವೆ, ನಿಜವಾದ ಬಾಡಿಗೆ ಶಾಲು ಹೊದ್ದು, ತಿನ್ನಬಾರದ ಸೇಬುಗಳ ಎದುರು ಕುಳಿತರು. ದೂರದಲ್ಲಿ ದೇವದಾಸರು ಹೆಸರು ಮರೆತು ಮರೆತು ಮತ್ತೆ ಹತ್ತುತ್ತಿದ್ದರು. ಅವರು ಬೇಕೆಂದೇ ಮರೆಯುತ್ತಿದ್ದಾರೆ ಎಂದು ಕುಶಲಕ್ಕನಿಗೆ ಬೇಗನೆ ತಿಳಿಯಿತು. ಸಂಜೆ ಬಸ್ಸಿನಲ್ಲಿ ಎಲ್ಲರೂ ಕಾರ್ಯಕ್ರಮ ಚಂದ ಆಯಿತೆಂದರು, ಕುಶಲಕ್ಕನೂ ಚಂದ ಆಯಿತೆಂದರು. ಹೇಳಿದರೆ ಸಮಿತಿಯಾಗುತ್ತದೆ ಎಂಬುದು ಅವರಿಗೆ ಈಗ ಗೊತ್ತಿತ್ತು.

ಮುಂದಿನ ಬುಧವಾರ ಬೆಳಗ್ಗೆ ಅವರು ಗಂಡನಿಗೆ, "ತವರಿಗೆ ಹೋಗಿ ಬರ್ತೇನೆ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಕಾಪುವಿಗೆ ಎರಡು ಸ್ಟಾಪ್ ಮೊದಲೇ ಇಳಿದರು. ನೀಲಿ ಜಾರುಬಂಡಿಯ ಬುಡದಲ್ಲಿ ಅವರನ್ನು ಕಂಡು ಫೌಸ್ಟಿನ್ ಕೊಡೆಯಡಿಯಿಂದ ಎದ್ದರು.

"ಅಕ್ಕ, ಇವತ್ತಿಂದು ಉದ್ಘಾಟನೆ ಆಗ್ಲಿಲ್ಲ."

"ಹೌದಾ," ಎಂದ ಕುಶಲಕ್ಕ ಬ್ಯಾಗಿನಿಂದ ಬೈರಾಸು ತೆಗೆದು ಹೆಗಲಿಗೆ ಹೊದ್ದುಕೊಂಡರು.

ಮನಸ್ಸು ತಣಿಯುವಷ್ಟು ಜಾರಿಯಾದ ಮೇಲೆ ಅವರು ಕೊಳದ ಅಂಚಿನಲ್ಲಿ ಕುಳಿತು ಕೂದಲು ಹಿಂಡಿಕೊಳ್ಳುತ್ತಿದ್ದರು. ಫೌಸ್ಟಿನ್ ಮೋಟರು ನಿಲ್ಲಿಸಿ ಬಂದು, ಅಂಗಿ ಸರಿಮಾಡಿಕೊಂಡು, ಕೈಮುಗಿದು ಎದುರು ನಿಂತರು.

"ಇಂದಿನ ಈ ಜಾರುಬಂಡಿಯನ್ನು ಉದ್ಘಾಟಿಸಿದ ಶ್ರೀಮತಿ ಕುಶಲಾ ಅವರಿಗೆ," ಎಂದು ಆರಂಭಿಸಿದರು.

ಕುಶಲಕ್ಕ ಕೂದಲು ಹಿಂಡುವುದನ್ನು ಬಿಟ್ಟು ನೆಟ್ಟಗೆ ಕುಳಿತರು. ಬಸ್ಸಿಗೆ ಹೊತ್ತಾಗಿತ್ತು, ಆದರೆ ವಂದನಾರ್ಪಣೆಯಾಗದೆ ಏಳುವ ಕ್ರಮವಿಲ್ಲ.